ಎಲ್ಲ ತಪ್ಪನ್ನೂ ಆಕ್ಸೆಂಟಿನ ತಲೆಗೆ ಕಟ್ಟಬೇಡಿ

ನಮಸ್ಕಾರ,

ನಿಮ್ಮ ‘ಇಂಗ್ಲಿಷ್ ಹಾಡು ನಮಗೇಕೆ ಅರ್ಥವಾಗದು?’ ಲೇಖನವನ್ನು ಪೆನ್ಸಿಲ್ ಹಿಡಿದುಕೊಂಡು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಿಬಿಡುವಂಥ ಲೇಖನವೂ ಅಲ್ಲ. ಅದರೊಳಗೆ ಒಳ್ಳೆಯದೊಂದು ಅಡಗಿದೆ, ಅದನ್ನು ನೀವೇ ಗಮನಿಸಿಲ್ಲ ಅನ್ನಿಸಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಕೆಲವು ಮಾತು ಖಾರ ಅನ್ನಿಸಬಹುದು, ದಯವಿಟ್ಟು ಕೊನೆವರೆಗೆ ಓದಿ.

ನಿಮ್ಮ ವಾದ ಇಷ್ಟು: ಹಾಡುವವರ ಆಕ್ಸೆಂಟ್ ಹೊರದೇಶದ್ದು, ನಮ್ಮ ಕಿವಿ ಕನ್ನಡದ್ದು, ಹಾಗಾಗಿ ಪದ ಸಿಗುವುದಿಲ್ಲ, ದಿನಾ ಇಂಗ್ಲಿಷ್ ವಾರ್ತೆ ಕೇಳಿ ಕಿವಿ ಪಳಗಿಸಿಕೊಂಡರೆ ಸರಿಹೋಗುತ್ತದೆ. ಇದನ್ನೇ ಪುಟ ಪುಟವೂ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದೀರಿ. ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜವನ್ನೂ ಓದುಗರ ಕಿವಿಗೆ ಮುಟ್ಟಿಸಿಲ್ಲ ಅನ್ನುವುದು ನನ್ನ ದೊಡ್ಡ ತಕರಾರು. ಶಬ್ದದ ಬಗ್ಗೆ ಇಷ್ಟು ಪುಟ ಬರೆದಿದ್ದೀರಿ, ಆದರೆ ಯಾವ ಹಾಡಿನ ಯಾವ ಸಾಲಿನ ಯಾವ ಅಕ್ಷರ ಹೇಗೆ ಕೇಳಿಸಿತು ಎಂದು ಕಿವಿಗೆ ಮುಟ್ಟುವ ಹಾಗೆ ಒಂದೇ ಒಂದು ಕಡೆ ಮಾತ್ರ ಹೇಳಿದ್ದೀರಿ. ಆ ಒಂದು ಕಡೆಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಪ್ರಶ್ನೆ. ಆಕ್ಸೆಂಟೇ ಕಾರಣವಾಗಿದ್ದರೆ ಅದೇ ಆಕ್ಸೆಂಟಿನಲ್ಲಿ ಹುಟ್ಟಿ ಬೆಳೆದವರಿಗೆ ಹಾಡು ಸಲೀಸಾಗಿ ಅರ್ಥವಾಗಬೇಕಿತ್ತು ಅಲ್ವಾ? ಹಾಗೇನೂ ಆಗುವುದಿಲ್ಲ. 1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ ತಂಡ ‘ಲೂಯಿ ಲೂಯಿ’ ಹಾಡನ್ನು ರೆಕಾರ್ಡ್ ಮಾಡಿತು. ಹಾಡಿದವರು ಅಮೆರಿಕದವರು, ಕೇಳಿದವರೂ ಅಮೆರಿಕದವರು. ಪದಗಳು ಎಷ್ಟು ಕಲಸಿಹೋಗಿದ್ದವು ಎಂದರೆ, ಅದರಲ್ಲಿ ಕೊಳಕು ಮಾತಿದೆ ಎಂದು ಹೆತ್ತವರಿಂದ ದೂರು ಹೋಗಿ ಎಫ್‌ಬಿಐ ತನಿಖೆಗೆ ಇಳಿಯಿತು. ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದರು. ಕಡೆಗೆ, ಏನು ಹಾಡಿದ್ದಾರೆ ಎಂದು ಹೇಳಲು ಆಗುವುದಿಲ್ಲ ಅನ್ನುವಲ್ಲಿಗೆ ಬಂದು ನಿಂತರು. ಅವರ ಕಿವಿ ಕನ್ನಡದ್ದಾಗಿರಲಿಲ್ಲ.

ಇನ್ನು ‘ಬ್ಯಾಡ್ ಮೂನ್ ರೈಸಿಂಗ್’. 1969ರ ಈ ಹಾಡಿನ ಹೆಸರು ನಿಮ್ಮ ಲೇಖನದಲ್ಲೂ ಇದೆ. ‘ಇದರ ಒಂದು ಸಾಲನ್ನು ಅನೇಕರು ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ’ ಎಂದು ಹೇಳಿ ಮುಂದಕ್ಕೆ ಓಡಿದ್ದೀರಿ. ಯಾಕೆ ಓಡಿದಿರಿ? ಇಡೀ ಲೇಖನ ಅಲ್ಲೇ ನಿಲ್ಲಬಹುದಿತ್ತು. ಹಾಡಿರುವುದು ‘ಬ್ಯಾಡ್ ಮೂನ್ ಆನ್ ದ ರೈಸ್’. ಜನರಿಗೆ ಕೇಳಿದ್ದು ‘ಬ್ಯಾತ್‌ರೂಮ್ ಆನ್ ದ ರೈಟ್’. ಎರಡನ್ನೂ ಒಂದರ ಕೆಳಗೊಂದು ಬರೆದು ಸ್ವರಗಳನ್ನು ಮಾತ್ರ ಓದಿ ನೋಡಿ: ಆ್ಯ, ಊ, ಆ, ಅ, ಐ. ಎರಡರಲ್ಲೂ ಒಂದೇ. ಬದಲಾಗಿರುವುದು ವ್ಯಂಜನ ಮಾತ್ರ. ಹಾಡು ಮಾಡುವ ಕೆಲಸವೇ ಇದು. ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು, ರಾಗ ನಿಲ್ಲುವುದೇ ಅದರ ಮೇಲೆ. ಟ, ಡ, ಪ, ಕ ಇವುಗಳನ್ನು ಎಳೆಯಲು ಬರುವುದಿಲ್ಲ, ಕ್ಷಣದಲ್ಲಿ ಬಂದು ಹೋಗುತ್ತವೆ. ಸ, ಫ ಥರದ ಶಬ್ದಗಳು ಇರುವ ಎತ್ತರದ ಶ್ರುತಿಯ ಜಾಗವನ್ನು ಡ್ರಮ್ಸ್ ಜತೆಗಿನ ಲೋಹದ ತಾಳಗಳು (ಸಿಂಬಲ್) ತುಂಬಿಬಿಡುತ್ತವೆ. ಉಳಿಯುವುದು ಸ್ವರಗಳ ಸಾಲು. ಅದರ ಮೇಲೆ ಮಿದುಳು ತನಗೆ ತೋಚಿದ ವ್ಯಂಜನಗಳನ್ನು ಕೂರಿಸುತ್ತದೆ.

ಈಗ ನಿಮ್ಮ ಆಕ್ಸೆಂಟ್ ವಿಷಯ ಇದೇ ಸಾಲಿನಲ್ಲಿ ಎಲ್ಲಿ ಬರುತ್ತದೆ ನೋಡಿ. ಅಮೆರಿಕದವರು ‘ಬ್ಯಾತ್’ ಅನ್ನುತ್ತಾರೆ, ‘ಬ್ಯಾಡ್’ನಲ್ಲಿರುವ ಅದೇ ಸ್ವರ. ಲಂಡನ್ ಕಡೆಯವರು ‘ಬಾತ್’ ಅನ್ನುತ್ತಾರೆ. ನಾವು ಕಲಿತದ್ದು ಆ ದಾರಿಯಲ್ಲಿ, ಹಾಗಾಗಿ ನಮ್ಮ ಮನೆಗಳಲ್ಲೂ ಇರುವುದು ಬಾತ್‌ರೂಮೇ. ಅಂದರೆ ಈ ತಪ್ಪು ಸುಲಭವಾಗಿ ಹುಟ್ಟಬೇಕಾದರೆ ಕೇಳುವವರ ಬಾಯಲ್ಲಿ ‘ಬ್ಯಾತ್’ ಇರಬೇಕು. ‘ಬಾತ್‌ರೂಮ್’ ಅನ್ನುವ ಕನ್ನಡದವರು ಈ ಸಾಲಿನಲ್ಲಿ ಎಡವುವ ಸಂಭವ ಕಡಿಮೆಯೇ. ನಿಮ್ಮ ವಾದಕ್ಕೆ ಇದು ನೇರ ಉಲ್ಟಾ, ಆದರೆ ನಿಮ್ಮ ವಾದಕ್ಕಿಂತ ಸ್ವಾರಸ್ಯವಾಗಿದೆ. ಇನ್ನೊಂದು ವಿಷಯ: ಹಾಡಿದ ಜಾನ್ ಫೋಗರ್ಟಿ ಕ್ಯಾಲಿಫೋರ್ನಿಯಾದವರು, ಆದರೆ ಹಾಡುವಾಗ ಅಮೆರಿಕದ ದಕ್ಷಿಣ ರಾಜ್ಯಗಳ ಆಕ್ಸೆಂಟ್ ಹಾಕಿಕೊಳ್ಳುತ್ತಿದ್ದರು. ಜನ ತಪ್ಪಾಗಿ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ವೇದಿಕೆಯಲ್ಲಿ ಕೆಲವೊಮ್ಮೆ ಬೇಕೆಂದೇ ಬಾತ್‌ರೂಮ್ ಎಂದು ಹಾಡಿದ್ದೂ ಉಂಟು.

ಜಿಮಿ ಹೆಂಡ್ರಿಕ್ಸ್ ಅವರ 1967ರ ‘ಪರ್ಪಲ್ ಹೇಜ಼್’ ಹಾಡಿನ ಉದಾಹರಣೆಯನ್ನೂ ಕೊಟ್ಟಿದ್ದೀರಿ. ‘ಕಿಸ್ ದ ಸ್ಕೈ’ ಅನ್ನುವುದು ‘ಕಿಸ್ ದಿಸ್ ಗೈ’ ಎಂದು ಕೇಳಿಸಿತು, ಅದಕ್ಕೆ ಕಾರಣ ‘ಅಮೆರಿಕನ್ ಉಚ್ಚಾರಣೆಯ ವೈಲಕ್ಷಣ್ಯ’ ಎಂದಿದ್ದೀರಿ. ಅಲ್ಲ. ಇಂಗ್ಲಿಷಿನಲ್ಲಿ ಪದದ ಮೊದಲು ಬರುವ ಕ ಸ್ವಲ್ಪ ಖ ಹಾಗೆ ಉಸಿರು ಸೇರಿಸಿಕೊಂಡು ಬರುತ್ತದೆ. ಆದರೆ ಸ ಆದಮೇಲೆ ಬಂದರೆ ಆ ಉಸಿರು ಇರುವುದಿಲ್ಲ, ಬರೀ ಕ. ಉಸಿರಿಲ್ಲದ ಆ ಕ ಇಂಗ್ಲಿಷ್ ಕಿವಿಗೆ ಹೆಚ್ಚುಕಡಿಮೆ ಗ ಹಾಗೆ ಕೇಳಿಸುತ್ತದೆ. ಹಾಡಿನ ಓಟದಲ್ಲಿ ಸ ಯಾವ ಪದಕ್ಕೆ ಸೇರಿದ್ದು ಎಂದು ತಿಳಿಯದೆ ಹೋದರೆ ಸ್ಕೈ ಹೋಗಿ ಗೈ ಬಂತು. ಇದು ಲಂಡನ್ನಿನವರಿಗೂ ಆಗುತ್ತದೆ, ಸಿಡ್ನಿಯವರಿಗೂ ಆಗುತ್ತದೆ. ಕ, ಖ, ಗ ಬೇರೆ ಬೇರೆ ಎಂದು ಒಂದನೇ ತರಗತಿಯಲ್ಲೇ ಕಲಿತ ಓದುಗರಿಗೆ ಇದನ್ನು ವಿವರಿಸಲು ಎಷ್ಟು ಅನುಕೂಲ ಇದೆ ಯೋಚಿಸಿ. ಇಂಗ್ಲಿಷಿನವರು ಇದನ್ನೇ ಹೇಳಲು ಪ್ಯಾರಾಗಟ್ಟಲೆ ಬರೆಯಬೇಕಾಗುತ್ತದೆ. ನಮ್ಮ ವರ್ಣಮಾಲೆ ನಿಮ್ಮ ಕೈಯಲ್ಲಿದೆ, ನೀವು ಅದನ್ನು ಬಿಟ್ಟು ‘ಧ್ವನಿಮಾತ್ಮಕ ಅಸ್ಪಷ್ಟತೆ’ ಎಂದು ಬರೆದಿದ್ದೀರಿ. ಅದನ್ನು ಓದಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಆಪೆರಾ, ಅಂದರೆ ಪಾಶ್ಚಾತ್ಯರ ಹಾಡು-ನಾಟಕದ ಬಗ್ಗೆ ಬರೆದ ಪ್ಯಾರಾ ತೆಗೆದುಬಿಡಿ, ಇಲ್ಲವಾದರೆ ಸರಿಯಾಗಿ ಬರೆಯಿರಿ. ಎತ್ತರದ ಸ್ವರದಲ್ಲಿ ಹಾಡುವ ಸೊಪ್ರಾನೋ ಗಾಯಕಿಯರ ಮಾತು ತಿಳಿಯದಿರುವುದಕ್ಕೂ ಆಕ್ಸೆಂಟಿಗೂ ಸಂಬಂಧ ತೀರ ಕಡಿಮೆ. ಇ, ಊ ಅನ್ನುವಾಗ ಬಾಯಿಯೊಳಗಿನ ಮೊದಲ ಅನುರಣನ (ಯಾವ ಸ್ವರ ಎಂದು ಗುರುತು ಕೊಡುವ ಮೊಳಗು) 300 ಹರ್ಟ್ಜ್ ಆಸುಪಾಸಿನಲ್ಲಿ ಇರುತ್ತದೆ. ಗಾಯಕಿ ಹಾಡುತ್ತಿರುವ ಶ್ರುತಿಯೇ 800, 900, ಕೆಲವೊಮ್ಮೆ 1000 ಹರ್ಟ್ಜ್ ದಾಟಿ ಹೋದಾಗ ಆ ಗುರುತು ಉಳಿಯುವುದೇ ಇಲ್ಲ. ದನಿ ದೊಡ್ಡದಾಗಿ ಕೇಳಿಸಲಿ ಎಂದು ಅವರು ದವಡೆಯನ್ನೂ ಅಗಲ ಮಾಡುತ್ತಾರೆ, ಇ ಕೂಡ ‘ಆ’ ಸ್ವರದ ಕಡೆಗೆ ವಾಲುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದ್ದಾರೆ. ಯಾವ ಭಾಷೆಯಲ್ಲಿ ಹಾಡಿದರೂ ಇದೇ ಕಥೆ.

ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. ಉತ್ತರದಿಂದ ಬಂದ ಗಾಯಕರು ನಮ್ಮ ಸಿನಿಮಾಗಳಲ್ಲಿ ಎಷ್ಟೋ ವರ್ಷದಿಂದ ಹಾಡುತ್ತಿದ್ದಾರೆ. ಕೆಲವರ ಬಾಯಲ್ಲಿ ಳ ಹೋಗಿ ಲ ಆಗುತ್ತದೆ, ಣ ಹೋಗಿ ನ ಆಗುತ್ತದೆ. ಕಿವಿಗೆ ಚುಚ್ಚುತ್ತದೆ, ನಾವು ಗೊಣಗುತ್ತೇವೆ. ಆದರೆ ಮಾತು ಅರ್ಥವಾಗದೆ ಹೋಗಿದೆಯೇ? ಇಲ್ಲ. ಅದೇ ಕನ್ನಡದಲ್ಲಿ, ಅಪ್ಪಟ ಕನ್ನಡದವರೇ ಒಂದು ದೇವರನಾಮವನ್ನು ವಿಳಂಬದಲ್ಲಿ ಎಳೆದೆಳೆದು ಹಾಡಿದಾಗ ಪದ ಎಲ್ಲಿ ಮುರಿಯಿತು, ಎಲ್ಲಿ ಸೇರಿತು ಎಂದು ಗೊತ್ತಾಗದೆ ಕೂತವರು ಇಲ್ಲವೇ? ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಪದವೇ ಬದಲಾಗುತ್ತದೆ, ತಾಳ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಇದೇ ಗತಿ ಒತ್ತಿಗೆ, ಅಂದರೆ ಪದದ ಒಂದು ಭಾಗವನ್ನು ಒತ್ತಿ ಹೇಳುವುದಕ್ಕೆ ಆಗುತ್ತದೆ. ಮಾತಿನಲ್ಲಿ ಪದ ಎಲ್ಲಿ ಶುರುವಾಯಿತು ಎಂದು ಒತ್ತು ಹೇಳಿಕೊಡುತ್ತದೆ. ಹಾಡಿನಲ್ಲಿ ‘ದ’, ‘ಆಫ್’ ಥರದ ಪುಟ್ಟ ಪದಕ್ಕೂ ಒಂದು ಉದ್ದನೆ ಸ್ವರ ಸಿಕ್ಕಿಬಿಡುತ್ತದೆ. ದಾರಿ ತಪ್ಪುವುದು ಅಲ್ಲಿ. ಈ ಕಾರಣಕ್ಕೇ ವಾರ್ತೆ ಕೇಳಿ ಅಭ್ಯಾಸ ಮಾಡಿ ಅನ್ನುವ ನಿಮ್ಮ ಸಲಹೆ ನನಗೆ ಒಪ್ಪಿಗೆಯಿಲ್ಲ. ವಾರ್ತೆ ಓದುವವರು ಒತ್ತು, ಏರಿಳಿತ, ನಿಲುಗಡೆ ಎಲ್ಲವನ್ನೂ ನೀಟಾಗಿ ಕೊಡುತ್ತಾರೆ. ಹಾಡು ಮೊದಲು ಕಿತ್ತುಕೊಳ್ಳುವುದೇ ಅವನ್ನು.

ಮಾತಿನ ಏರಿಳಿತ ರಾಗಕ್ಕೆ, ಲಯ ತಾಳಕ್ಕೆ, ಸ್ವರದ ಉದ್ದ ಹಾಡು ಕಟ್ಟಿದವರಿಗೆ ಹೋಗಿಬಿಟ್ಟರೆ ಆಕ್ಸೆಂಟಿನಲ್ಲಿ ಉಳಿಯುವುದೇ ಸ್ವಲ್ಪ. ಎಷ್ಟೋ ಬ್ರಿಟಿಷ್ ಗಾಯಕರು ಹಾಡುವಾಗ ಯಾವ ಊರಿನವರು ಎಂದು ತಿಳಿಯದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಅನುಕರಣೆ. ಅದನ್ನು ನೀವು ಮುಟ್ಟಿಯೇ ಇಲ್ಲ. ಪೀಟರ್ ಟ್ರಡ್‌ಗಿಲ್ ಎಂಬ ಭಾಷಾ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬ್ರಿಟಿಷ್ ಪಾಪ್ ಹಾಡುಗಾರರ ಉಚ್ಚಾರಣೆಯನ್ನು ಕೂತು ಎಣಿಸಿದ್ದಾರೆ. ಬೀಟಲ್ಸ್ ತಂಡದವರು ಇಂಗ್ಲೆಂಡಿನ ಲಿವರ್‌ಪೂಲಿನವರು. ಅವರ ಮಾತಿನಲ್ಲಿ ‘ಗರ್ಲ್’ ಅನ್ನುವಾಗ ರ್ ಬರುವುದಿಲ್ಲ. ಆದರೆ 1963ರ ಸುಮಾರಿನ ಹಾಡುಗಳಲ್ಲಿ ಅಮೆರಿಕದವರ ಹಾಗೆ ರ್ ಧಾರಾಳವಾಗಿ ಬರುತ್ತದೆ. ಆ ತಂಡದ ಮೆಕಾರ್ಟ್ನಿ ಒಂದು ಕಡೆ ‘ಸಾ’ (ನೋಡಿದೆ) ಅನ್ನುವ ಪದಕ್ಕೂ, ಸ್ಪೆಲ್ಲಿಂಗಿನಲ್ಲೇ ಇಲ್ಲದ ರ್ ಸೇರಿಸಿಬಿಟ್ಟಿದ್ದಾರೆ. ವರ್ಷ ಕಳೆದಂತೆ, ತಮ್ಮದೇ ಊರು, ತಮ್ಮದೇ ಜನರ ಬಗ್ಗೆ ಹಾಡು ಕಟ್ಟತೊಡಗಿದಂತೆ ಆ ರ್ ಕಡಿಮೆಯಾಗುತ್ತಾ ಹೋಯಿತು. ನ್ಯೂಜಿಲೆಂಡಿನ ಆ್ಯಂಡಿ ಗಿಬ್ಸನ್ 2010ರ ತಮ್ಮ ಅಧ್ಯಯನದಲ್ಲಿ ಅಲ್ಲಿನ ಗಾಯಕರ ಹಾಡನ್ನೂ, ಅದೇ ಸಾಲುಗಳನ್ನು ಅವರು ಮಾತಾಗಿ ಹೇಳಿದ್ದನ್ನೂ ಹೋಲಿಸಿದರು. ಹೇಳುವಾಗ ನ್ಯೂಜಿಲೆಂಡಿನ ಸ್ವರ, ಹಾಡುವಾಗ ಅಮೆರಿಕದ ಕಡೆಗೆ ವಾಲಿದ ಸ್ವರ. ಬೇಕೆಂದು ಮಾಡಿದ್ದಲ್ಲ, ಹಾಡು ಅಂದರೆ ಹಾಗೇ ಬರುತ್ತದೆ. ಹೀಗಿರುವಾಗ ‘ಬ್ರಿಟಿಷ್ ಗಾಯಕರ ಬ್ರಿಟಿಷ್ ಉಚ್ಚಾರಣೆ’ ಎಂದು ಸಲೀಸಾಗಿ ಬರೆಯಲು ಬರುವುದಿಲ್ಲ. ಪಾಸ್‌ಪೋರ್ಟ್ ನೋಡಿ ಆಕ್ಸೆಂಟ್ ಬರೆಯಬೇಡಿ, ಹಾಡು ಕೇಳಿ ಬರೆಯಿರಿ.

ಹಾಗಾದರೆ ಆಕ್ಸೆಂಟ್ ನಿಜವಾಗಿಯೂ ಅಡ್ಡ ಬರುವ ಹಾಡುಗಳೇ ಇಲ್ಲವೇ? ಇವೆ. ಸ್ಕಾಟ್ಲೆಂಡಿನ ಅವಳಿ ಸಹೋದರರ ತಂಡ ಪ್ರೊಕ್ಲೇಮರ್ಸ್ ತಮ್ಮ ಆಕ್ಸೆಂಟನ್ನು ಒಂದು ಚೂರೂ ಬಿಡದೆ ಹಾಡಿದರು. ‘ರ್’ ಎಸೆದುಬಿಡಿ ಎಂದು ಹೇಳುವವರ ಮೇಲೆ 1987ರಲ್ಲಿ ಒಂದು ಹಾಡನ್ನೇ ಬರೆದರು. ಅವರ ತುಂಬಾ ಹೆಸರಾದ ಐನೂರು ಮೈಲಿಯ ಹಾಡಿನಲ್ಲಿ ‘ಹೇವರ್’ ಎಂಬ ಪದ ಬರುತ್ತದೆ. ಹುಚ್ಚುಹುಚ್ಚಾಗಿ ಮಾತಾಡುವುದು ಎಂದು ಅರ್ಥ. ಅದು ಸ್ಪಷ್ಟವಾಗಿಯೇ ಕೇಳಿಸುತ್ತದೆ, ಸ್ಕಾಟ್ಲೆಂಡಿನ ಆಚೆ ಅನೇಕರಿಗೆ ಪದವೇ ಗೊತ್ತಿಲ್ಲ ಅಷ್ಟೆ. ಬಾಬ್ ಮಾರ್ಲಿ ಅವರ 1974ರ ‘ನೋ ವುಮನ್ ನೋ ಕ್ರೈ’ ಬಗ್ಗೆ ನೀವು ಬರೆದಿರುವ ಸಾಲಂತೂ ದಯವಿಟ್ಟು ತಿದ್ದಬೇಕು. ‘ಹೆಂಗಸಿಲ್ಲದಿದ್ದರೆ ಅಳುವಿಲ್ಲ’ ಎಂದು ಅರ್ಥ ಕೊಟ್ಟಿದ್ದೀರಿ. ಜಮೈಕಾದ ಮಾತಿನಲ್ಲಿ ಅಲ್ಲಿರುವ ಎರಡನೇ ‘ನೋ’, ‘ಬೇಡ’ ಎಂದು ಹೇಳುತ್ತದೆ. ಅಳಬೇಡ ಎಂದು ಸಮಾಧಾನ ಮಾಡುತ್ತಿರುವ ಹಾಡು ಅದು. ನಿಮ್ಮ ಅರ್ಥದಲ್ಲಿ ಅದು ಹೆಂಗಸರನ್ನು ದೂರುವ ಹಾಡಾಗಿಬಿಡುತ್ತದೆ, ಒಬ್ಬ ಕವಿಗೆ ಮಾಡುವ ಅನ್ಯಾಯ ಅದು. ಅಲ್ಲಿ ಎಡವಿದ್ದು ಕಿವಿಯಲ್ಲ, ವ್ಯಾಕರಣ. ಜಮೈಕಾದ ಮಾತಿಗೆ ಅದರದ್ದೇ ವ್ಯಾಕರಣ ಇದೆ, ಅದನ್ನು ‘ಅಶುದ್ಧ ಇಂಗ್ಲಿಷ್’ ಎಂದು ಕರೆದಿದ್ದೀರಿ. ಆ ಮಾತನ್ನು ನಾನು ಅಚ್ಚಿಗೆ ಬಿಡುವುದಿಲ್ಲ. ಧಾರವಾಡದವರ, ಕುಂದಾಪುರದವರ ಕನ್ನಡವನ್ನು ಯಾರಾದರೂ ಹಾಗೆ ಕರೆದರೆ ನಾವು ಸುಮ್ನೆ ಇರುತ್ತೇವೆಯೇ? ಅದೇ ಜಮೈಕಾದ ಡೆಸ್ಮಂಡ್ ಡೆಕ್ಕರ್ ಅವರ ‘ಇಸ್ರೇಲೈಟ್ಸ್’ 1969ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಕೊಂಡವರಲ್ಲಿ ಬಹಳ ಜನಕ್ಕೆ ಅದರ ಅರ್ಧ ಮಾತೂ ತಿಳಿದಿರಲಿಲ್ಲ.

ಇದಕ್ಕೆ ಪೂರ್ತಿ ಎದುರಿನ ಉದಾಹರಣೆಯೂ ಒಂದಿದೆ, ಬೇಕಿದ್ದರೆ ಬಳಸಿಕೊಳ್ಳಿ. ಇಟಲಿಯ ಆದ್ರಿಯಾನೋ ಚೆಲೆಂತಾನೋ 1972ರಲ್ಲಿ ಒಂದು ಹಾಡು ಮಾಡಿದರು. ಕೇಳಿದರೆ ಪಕ್ಕಾ ಅಮೆರಿಕನ್ ಇಂಗ್ಲಿಷ್. ‘ಆಲ್‌ರೈಟ್’ ಒಂದು ಬಿಟ್ಟರೆ ಅದರಲ್ಲಿ ಅರ್ಥವಿರುವ ಪದವೇ ಇಲ್ಲ. ಬರೀ ಆಕ್ಸೆಂಟ್, ಮಾತು ಸೊನ್ನೆ.

ಈಗ ನಾನು ಆಮೇಲೆ ಬರುತ್ತೇನೆ ಎಂದ ಜಾಗ. ನಾಲ್ಕನೇ ಪುಟದ ಕೊನೆಯಲ್ಲಿ, ನಿಮ್ಮ ಅಕ್ಕ ಕಾಲೇಜಿನ ದಿನಗಳಲ್ಲಿ ಕ್ಯಾಸೆಟ್ ಹಿಂದೆ ಮುಂದೆ ಓಡಿಸಿ ಇಂಗ್ಲಿಷ್ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು ಎಂದು ಬರೆದಿದ್ದೀರಿ. ‘ಗೆಡಪ್’, ‘ವಾನ’, ‘ಲೆಮ್ಮಿ’ ಎಂದೆಲ್ಲ ಬರೆದಿದ್ದರಂತೆ. ಒಂದೇ ಪದವನ್ನು ಒಂದು ಹಾಡಿನಲ್ಲಿ ‘ಬೆಡರ್’ ಎಂದೂ ಇನ್ನೊಂದರಲ್ಲಿ ‘ಬೆಟ’ ಎಂದೂ ಬರೆದಿದ್ದರಂತೆ. ಅದಾದ ಮೇಲೆ ನೀವು ‘ಪಾಪ, ಅವಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ’ ಎಂದು ಸೇರಿಸಿದ್ದೀರಿ. ಆ ಸಾಲು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಅವರಿಗೆ ಅತ್ಯಂತ ಸರಿಯಾಗಿ ಕೇಳಿಸಿದೆ! ಎರಡು ಸ್ವರದ ನಡುವೆ ಬರುವ ಟ ಅಮೆರಿಕದವರ ಬಾಯಲ್ಲಿ ಡ ಕಡೆಗೆ ಹೋಗುತ್ತದೆ. ಬ್ರಿಟಿಷರಲ್ಲಿ ಹೆಚ್ಚಿನವರು ಕೊನೆಯ ರ್ ಬಿಡುತ್ತಾರೆ. ಸ್ಪೆಲ್ಲಿಂಗ್ ನೋಡಿ ಬರೆದಿದ್ದರೆ ಎರಡೂ ಕಡೆ ‘ಬೆಟರ್’ ಎಂದೇ ಬರೆಯುತ್ತಿದ್ದರು. ಅವರು ಕಿವಿ ನಂಬಿ ಬರೆದರು, ಹಾಗಾಗಿ ಆ ನೋಟ್‌ಬುಕ್ಕಿನಲ್ಲಿ ಇರುವುದು ಆಕ್ಸೆಂಟಿನ ದಾಖಲೆ. ಟ್ರಡ್‌ಗಿಲ್ ಎಣಿಸಿದ್ದು ಇದೇ ರ್, ಇದೇ ಟ.

ನಿಮ್ಮ ಲೇಖನ ಇದು. ಉಳಿದ ಪುಟಗಳನ್ನು ಬಿಡಿ. ನೋಟ್‌ಬುಕ್ ಇನ್ನೂ ಇದೆ ಎಂದಿದ್ದೀರಲ್ಲ, ಅಕ್ಕನ ಜತೆ ಕೂತು ತೆರೆಯಿರಿ. ಯಾವ ಹಾಡುಗಾರರಿಗೆ ಎಲ್ಲಿ ರ್ ಬರೆದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ನೋಡಿ. ಅದೇ ಹಾಡನ್ನು ಈಗ ಹಾಕಿ ಕೇಳಿ. ಎಲ್ಲಿ ಪದ ತಪ್ಪಿದೆಯೋ ಅಲ್ಲಿ ನಿಲ್ಲಿಸಿ, ಇದನ್ನು ಮಾಡಿದ್ದು ಹಾಡುಗಾರರ ಆಕ್ಸೆಂಟಾ, ಹಾಡಿನ ಎಳೆತವಾ, ವಾದ್ಯದ ಗದ್ದಲವಾ, ಅಥವಾ ನಮ್ಮ ಕನ್ನಡದ ಕಿವಿಯಾ ಎಂದು ಒಂದೊಂದಾಗಿ ಬಿಡಿಸಿ. ನಮ್ಮ ಕಿವಿಯ ಪಾಲೂ ಖಂಡಿತ ಇರುತ್ತದೆ. ‘ವೈನ್’ ಎಂದು ಕನ್ನಡದಲ್ಲಿ ಬರೆದರೆ ಬಳ್ಳಿಯೋ ಮದ್ಯವೋ ತಿಳಿಯುವುದಿಲ್ಲ, ಇಂಗ್ಲಿಷಿನ ಎರಡು ವ ನಮಗೆ ಒಂದೇ. ‘ಆ್ಯ’ಗೆ ನಮ್ಮಲ್ಲಿ ಸ್ವಂತ ಅಕ್ಷರವೇ ಇಲ್ಲ. ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದೇ ಜಾಸ್ತಿ, ಅದಕ್ಕೇ ಬಸ್ ನಮ್ಮ ಬಾಯಲ್ಲಿ ಬಸ್ಸು ಆಗುತ್ತದೆ. ಇಂಗ್ಲಿಷ್ ಹಾಡುಗಾರರು ಕೊನೆಯ ಟ, ಡಗಳನ್ನು ಅರ್ಧಕ್ಕೇ ನುಂಗುತ್ತಾರೆ. ನೋಟ್‌ಬುಕ್ಕಿನಲ್ಲಿ ಇದರ ಗುರುತು ಸಿಕ್ಕೇ ಸಿಗುತ್ತದೆ, ಹುಡುಕಿ.

ಅಂದಹಾಗೆ ‘ಬೆಂಗಳೂರಿನ ಯುವಕರು ಅರ್ಥವಾಗದೆಯೇ ತಲೆ ಕುಣಿಸುತ್ತಾರೆ’ ಅನ್ನುವ ಸಾಲು ತೆಗೆಯಿರಿ. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ಹಾಡಿದಾಗ ಅಲ್ಲಿ ಸೇರಿದ್ದ ಜನ ಜತೆಗೆ ಹಾಡುತ್ತಿದ್ದರು. ಕ್ಯಾಸೆಟ್ಟಿನ ಒಳಗಿನ ಹಾಳೆ ಓದಿ, ಆಮೇಲೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಪದ ಕಲಿತವರು ಅವರು. ಒಮ್ಮೆ ಪದ ಗೊತ್ತಾದರೆ ಅದೇ ಕಿವಿಗೆ ಅದೇ ಹಾಡು ಸ್ಪಷ್ಟವಾಗಿ ಕೇಳಿಸತೊಡಗುತ್ತದೆ, ಮತ್ತೆ ಹಳೆಯ ಗೊಂದಲಕ್ಕೆ ಹೋಗಲು ಆಗುವುದಿಲ್ಲ. ಇದೂ ನಿಮ್ಮ ಲೇಖನದಲ್ಲಿ ಇರಬೇಕಾದ ಮಾತು. ಓದುಗರನ್ನು ಕೀಳಾಗಿ ನೋಡುವ ಬದಲು ಅವರು ಏನು ಮಾಡಿದರು ಎಂದು ನೋಡಿ.

ಇನ್ನು ಚಿಲ್ಲರೆ ವಿಷಯ. ‘ಸಂಗೀತಕ್ಕೆ ಭಾಷೆಯ ಗಡಿಯಿಲ್ಲ’ ಎಂದು ಶುರುಮಾಡಿ ಮುಂದಿನ ಪ್ಯಾರಾದಲ್ಲೇ ಗಡಿ ಎಷ್ಟು ಗಟ್ಟಿ ಎಂದು ಹೇಳಿದ್ದೀರಿ, ಮೊದಲ ಸಾಲು ಹೋಗಲಿ. ನೂರಕ್ಕೆ ಇಷ್ಟು ಭಾರತೀಯರಿಗೆ ಇಂಗ್ಲಿಷ್ ಹಾಡು ತಿಳಿಯುವುದಿಲ್ಲ ಎಂಬ ಅಂಕಿ ಎಲ್ಲಿಂದ ತಂದಿರಿ ಎಂದು ಹೇಳಿಲ್ಲ, ಅದೂ ಹೋಗಲಿ. ತಪ್ಪಾಗಿ ಕೇಳಿಸಿಕೊಂಡ ಸಾಲಿಗೆ ‘ಮಾಂಡೆಗ್ರೀನ್’ ಪದ ಬಳಸಿದ್ದು ಸರಿ. 1954ರಲ್ಲಿ ಸಿಲ್ವಿಯಾ ರೈಟ್ ಅದನ್ನು ಹುಟ್ಟುಹಾಕಿದರು ಎಂದು ಅರ್ಧ ಸಾಲು ಸೇರಿಸಿ ಸಾಕು. ಅವರು ಚಿಕ್ಕಂದಿನಲ್ಲಿ ತಪ್ಪಾಗಿ ಕೇಳಿಸಿಕೊಂಡದ್ದು ತಾಯಿ ಓದಿ ಹೇಳುತ್ತಿದ್ದ ಸ್ಕಾಟ್ಲೆಂಡಿನ ಲಾವಣಿಯನ್ನು, ಪಾಪ್ ಹಾಡನ್ನಲ್ಲ. ಸಂಸ್ಕೃತ ಪದಗಳ ಭಾರ ಇಳಿಸಿ. ನೀವು ಅಕ್ಕನ ಬಗ್ಗೆ ಬರೆದ ಪ್ಯಾರಾದ ಕನ್ನಡ ಎಷ್ಟು ಹಗುರಾಗಿದೆ ನೋಡಿ, ಇಡೀ ಲೇಖನಕ್ಕೆ ಆ ಕನ್ನಡ ಸಾಕು.

ಹಾಡಿನ ಸಾಲುಗಳಿಗೆ ಹಕ್ಕುದಾರರು ಇರುತ್ತಾರೆ, ಹಾಗಾಗಿ ಉದ್ದುದ್ದ ಸಾಲು ಹಾಕಬೇಡಿ. ಎಲ್ಲಿ ತಪ್ಪು ಕೇಳಿಸಿತೋ ಆ ನಾಲ್ಕೈದು ಪದ ಮಾತ್ರ ಸಾಕು, ಕನ್ನಡ ಲಿಪಿಯಲ್ಲೇ ಕೊಡಿ. ಈಗಿನ ಉದ್ದದ ಅರ್ಧ ಇದ್ದರೂ ನಡೆಯುತ್ತದೆ. ನೋಟ್‌ಬುಕ್ಕಿನ ಒಂದೆರಡು ಪುಟದ ಫೋಟೋ ಬೇಕು, ಆದರೆ ಅಕ್ಕನನ್ನು ಕೇಳದೆ ಕಳಿಸಬೇಡಿ. ಅವರು ಒಪ್ಪದಿದ್ದರೆ ಫೋಟೋ ಇಲ್ಲದೆಯೇ ಹಾಕೋಣ. ತಿದ್ದಿದ ಪ್ರತಿಯನ್ನು ಮಾಮೂಲಿ ವಿಳಾಸಕ್ಕೆ ಹಾಕದೆ ನೇರ ನನಗೇ ಕಳಿಸಿ, ಬಂದ ವಾರದಲ್ಲೇ ಓದಿ ಉತ್ತರ ಬರೆಯುತ್ತೇನೆ.